ಹೊಲಿಗೆ ಹೇಗಿದೆಯಮ್ಮಾ ಎಂದು ಕೇಳಿ

ಚೆನ್ನೈಯ ಅಡ್ಯಾರಿನ ಗಾಂಧಿನಗರ, ಕಸ್ತೂರಬಾ ನಗರ, ಇಂದಿರಾನಗರದ ಅಪಾರ್ಟ್‌ಮೆಂಟುಗಳಲ್ಲಿ ಕನ್ನಡದ ಮನೆಗಳು ಅಲ್ಲೊಂದು ಇಲ್ಲೊಂದು ಸಿಗುತ್ತವೆ. ಕೆಲವರು ಐಐಟಿಯವರು, ಕೆಲವರು ತರಮಣಿ ಕಡೆಯ ಸಾಫ್ಟ್‌ವೇರ್ ಕಂಪನಿಗಳವರು, ಇನ್ನು ಕೆಲವರು ಬ್ಯಾಂಕಿನ ವರ್ಗಾವಣೆಯಲ್ಲಿ ಬಂದು ಇಲ್ಲೇ ನಿಂತವರು. ಅಂಥ ಮನೆಯಲ್ಲಿ ಮಗು ಹುಟ್ಟಿತೆಂದರೆ ಮೈಸೂರಿನಿಂದಲೋ ಹಾಸನದಿಂದಲೋ ಹುಡುಗಿಯ ತಾಯಿ ಬಾಣಂತನ ಮಾಡಲು ರೈಲು ಹತ್ತುತ್ತಾರೆ. ಬ್ಯಾಗಿನಲ್ಲಿ ಹರಳೆಣ್ಣೆ, ಬಜೆ, ಓಮ, ಒಣಶುಂಠಿ, ಮೆತ್ತಗಾದ ಹಳೇ ಸೀರೆಗಳು ಇರುತ್ತವೆ. ಮಗು ನೋಡಲು ಬಂದವರು ಮೊದಲು ಕೇಳುವುದು ಗಂಡೋ ಹೆಣ್ಣೋ ಎಂದು. ಆಮೇಲೆ ಕೇಳುವುದು, ‘ನಾರ್ಮಲ್ಲಾ, ಸಿಜೇರಿಯನ್ನಾ?’ ನಾರ್ಮಲ್ ಎಂದ ಕೂಡಲೇ ‘ಸದ್ಯ, ದೇವರು ದೊಡ್ಡವನು’ ಎಂದು ಎಲ್ಲರೂ ತೊಟ್ಟಿಲ ಕಡೆ ತಿರುಗುತ್ತಾರೆ.

ಆ ಹೊತ್ತಿನಲ್ಲಿ ಬಾಣಂತಿ ಮಂಚದ ಅಂಚಿನಲ್ಲಿ ಒಂದೇ ಕಡೆ ಭಾರ ಹಾಕಿ ಓರೆಯಾಗಿ ಕೂತಿರುತ್ತಾಳೆ. ಎದ್ದು ನಿಲ್ಲುವಾಗ ಹಲ್ಲು ಕಚ್ಚುತ್ತಾಳೆ. ಬಾತ್‌ರೂಮಿಗೆ ಹೋಗುವುದನ್ನು ಆದಷ್ಟು ಮುಂದಕ್ಕೆ ತಳ್ಳುತ್ತಾಳೆ. ಅವಳ ಮೈಯಲ್ಲಿ ಹೊಲಿಗೆ ಹಾಕಿದ ಹಸಿ ಗಾಯವೊಂದಿದೆ ಎನ್ನುವುದು ಆ ಕೋಣೆಯಲ್ಲಿರುವ ಹೆಂಗಸರಿಗೆಲ್ಲ ಗೊತ್ತು. ಅದನ್ನು ಬಾಯಿಬಿಟ್ಟು ಕೇಳುವವರು ಮಾತ್ರ ಇಲ್ಲ. ಹೊಟ್ಟೆ ಕೊಯ್ದ ಹೆಂಗಸಿಗೆ ನೋವಿದೆಯಾ ಎಂದು ಹತ್ತು ಜನ ಕೇಳುತ್ತಾರೆ. ನಾರ್ಮಲ್ ಆದವಳ ಗಾಯ ಇರುವ ಜಾಗ ನಾಚಿಕೆಯದು, ಹಾಗಾಗಿ ಅದಕ್ಕೆ ಮಾತಿಲ್ಲ. ಆ ಮೌನವನ್ನು ನಾವು ಮುರಿಯಲೇಬೇಕು ಎಂದು ಒತ್ತಾಯಿಸುವುದಕ್ಕೇ ಈ ಅಂಕಣ.

ಇದು ಯಾರೋ ನಾಲ್ಕು ಜನರ ಸಮಸ್ಯೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ತಮಿಳುನಾಡಿನಲ್ಲಿ ನೂರಕ್ಕೆ ಸುಮಾರು 45 ಹೆರಿಗೆ, ಕರ್ನಾಟಕದಲ್ಲಿ ಸುಮಾರು 31 ಹೆರಿಗೆ ಸಿಜೇರಿಯನ್. ಉಳಿದವರೆಲ್ಲ ಯೋನಿಯ ಮೂಲಕವೇ ಹೆತ್ತವರು. ಹಾಗೆ ಚೊಚ್ಚಲ ಹೆರಿಗೆಯಾದ ಹತ್ತು ಹೆಂಗಸರಲ್ಲಿ ಒಂಬತ್ತು ಜನರವರೆಗೆ ಸಣ್ಣ ತರಚಿನಿಂದ ಹಿಡಿದು ಆಳವಾದ ಹರಿತದವರೆಗೆ ಏನಾದರೊಂದು ಗಾಯ ಆಗಿಯೇ ಆಗುತ್ತದೆ ಎಂದು ಬ್ರಿಟನ್ನಿನ ರಾಯಲ್ ಕಾಲೇಜಿನ ಪ್ರಸೂತಿ ತಜ್ಞರು ಹೇಳುತ್ತಾರೆ. ಇಷ್ಟು ಜನಕ್ಕೆ ಆಗುವುದನ್ನು ಯಾರೂ ಮಾತಾಡದೆ ಮುಚ್ಚಿಟ್ಟರೆ, ಪ್ರತಿಯೊಬ್ಬ ಹುಡುಗಿಯೂ ತನಗೊಬ್ಬಳಿಗೇ ಹೀಗಾಗಿದೆ ಎಂದುಕೊಳ್ಳುತ್ತಾಳೆ.

ಗಾಯ ಆಗುವುದು ಎಲ್ಲಿ, ಹೇಗೆ? ಯೋನಿಗೂ ಗುದದ್ವಾರಕ್ಕೂ ನಡುವೆ ಎರಡು ಮೂರು ಬೆರಳಗಲದ ಜಾಗವಿದೆ. ಮೇಲೆ ಚರ್ಮ, ಅದರಡಿ ಸ್ನಾಯುಗಳು, ಇನ್ನೂ ಹಿಂದಕ್ಕೆ ಹೋದರೆ ಗುದದ್ವಾರವನ್ನು ಸುತ್ತಿಕೊಂಡ ಉಂಗುರದಂಥ ಸ್ನಾಯು. ಮಗುವಿನ ತಲೆ ಹೊರಬರುವಾಗ ಈ ಜಾಗ ತೆಳ್ಳಗೆ ಹಿಗ್ಗುತ್ತದೆ. ಹಿಗ್ಗಿದ್ದು ಸಾಲದಾದಾಗ ಹರಿಯುತ್ತದೆ. ವೈದ್ಯರು ಈ ಹರಿತವನ್ನು ನಾಲ್ಕು ದರ್ಜೆಗಳಲ್ಲಿ ಗುರುತಿಸುತ್ತಾರೆ. ಚರ್ಮ ಮಾತ್ರ ಹರಿದರೆ ಮೊದಲನೆಯದು. ಇದಕ್ಕೆ ಎಷ್ಟೋ ಸಲ ಹೊಲಿಗೆಯೇ ಬೇಡ. ಒಳಗಿನ ಸ್ನಾಯುವೂ ಹರಿದರೆ ಎರಡನೆಯದು. ಇದಕ್ಕೆ ಹೊಲಿಗೆ ಹಾಕುತ್ತಾರೆ. ಗುದದ್ವಾರದ ಸುತ್ತಲಿನ ಸ್ನಾಯುವಿಗೆ ಪೆಟ್ಟಾದರೆ ಮೂರನೆಯದು. ಅದನ್ನೂ ದಾಟಿ ಗುದನಾಳದ ಒಳಪದರವೇ ಹರಿದರೆ ನಾಲ್ಕನೆಯದು. ಕೊನೆಯ ಎರಡು ಹೆಚ್ಚು ಜನರಿಗೆ ಆಗುವುದಿಲ್ಲ. ಬ್ರಿಟನ್ನಿನ ಲೆಕ್ಕದಲ್ಲಿ ಚೊಚ್ಚಲ ಹೆರಿಗೆಯಲ್ಲಿ ನೂರಕ್ಕೆ ಆರು, ಮುಂದಿನ ಹೆರಿಗೆಗಳಲ್ಲಿ ನೂರಕ್ಕೆ ಎರಡಕ್ಕಿಂತ ಕಡಿಮೆ. ಆದರೆ ಆದವರಿಗೆ ಅದು ದೊಡ್ಡ ಗಾಯ. ಹೆರಿಗೆ ಕೋಣೆಯಲ್ಲೇ ಅವಸರದಲ್ಲಿ ಮುಗಿಸುವಂಥದ್ದಲ್ಲ. ಆಪರೇಷನ್ ಥಿಯೇಟರಿಗೆ ಕರೆದೊಯ್ದು, ಬೆನ್ನಿಗೆ ಅರಿವಳಿಕೆ ಕೊಟ್ಟು, ಅನುಭವ ಇದ್ದವರು ಹೊಲಿಯಬೇಕಾದದ್ದು.

ತಾನಾಗಿ ಹರಿಯುವುದು ಒಂದು ಬಗೆ. ಕತ್ತರಿಯಿಂದ ಕೊಯ್ದು ದಾರಿ ಬಿಡಿಸುವುದು ಇನ್ನೊಂದು. ಎರಡನೆಯದಕ್ಕೆ ಎಪಿಸಿಯೊಟಮಿ ಎನ್ನುತ್ತಾರೆ. ಚೆನ್ನೈ, ಬೆಂಗಳೂರು, ಮಂಗಳೂರು, ಯಾವ ಊರಿನ ಆಸ್ಪತ್ರೆಯ ಡಿಸ್‌ಚಾರ್ಜ್ ಸಮರಿ ತೆಗೆದು ನೋಡಿದರೂ ‘ಎಫ್‌ಟಿಎನ್‌ಡಿ ವಿತ್ ಆರ್‌ಎಂಎಲ್‌ಇ’ ಎಂಬ ಸಾಲು ಸಿಗಬಹುದು. ಅದರ ಅರ್ಥ ಇಷ್ಟೇ: ತಿಂಗಳು ತುಂಬಿ ಸಹಜ ಹೆರಿಗೆಯಾಗಿದೆ, ಜೊತೆಗೆ ಬಲಬದಿಗೆ ಓರೆಯಾಗಿ ಕೊಯ್ದು ಹೊಲಿಗೆ ಹಾಕಿದ್ದಾರೆ. ಇಂಗ್ಲಿಷಿನ ಎಂಟು ಅಕ್ಷರಗಳಲ್ಲಿ ಅಡಗಿ ಕೂತ ಈ ಸುದ್ದಿಯನ್ನು ಎಷ್ಟೋ ಹೆಂಗಸರಿಗೆ ಯಾರೂ ಬಿಡಿಸಿ ಹೇಳಿರುವುದಿಲ್ಲ. ಓದು ಬಾರದವರ ಮಾತು ಹಾಗಿರಲಿ, ಎಂಜಿನಿಯರಿಂಗ್ ಮುಗಿಸಿದವರೂ ಆ ಕಾಗದವನ್ನು ಮಗುವಿನ ಲಸಿಕೆಯ ಕಾರ್ಡಿನ ಹಿಂದೆ ಮಡಚಿಟ್ಟುಬಿಡುತ್ತಾರೆ.

ಈ ಕೊಯ್ತಕ್ಕೆ ದೊಡ್ಡ ಚರಿತ್ರೆಯಿದೆ. ಡಬ್ಲಿನ್ನಿನ ವೈದ್ಯ ಫೀಲ್ಡಿಂಗ್ ಔಲ್ಡ್ 1742ರಲ್ಲೇ ಇದನ್ನು ಬರೆದಿಟ್ಟ. ಅವನ ದೃಷ್ಟಿಯಲ್ಲಿ ಅದು ಹೆರಿಗೆ ತೀರ ಕಷ್ಟವಾದಾಗ ಮಾತ್ರ ಮಾಡುವ ಕೆಲಸ. 1920ರಲ್ಲಿ ಷಿಕಾಗೋದ ಜೋಸೆಫ್ ಡಿಲೀ ಎಂಬ ಹೆಸರಾಂತ ಪ್ರಸೂತಿ ತಜ್ಞ, ಚೊಚ್ಚಲ ಹೆರಿಗೆಯಲ್ಲಿ ಮುಂಜಾಗ್ರತೆಯಾಗಿ ಕೊಯ್ದು ಫೋರ್ಸೆಪ್ಸ್ ಹಾಕಿ ಮಗು ತೆಗೆಯುವುದೇ ಒಳ್ಳೆಯದು ಎಂದು ವಾದಿಸಿದ. ಅಡ್ಡಾದಿಡ್ಡಿ ಹರಿಯುವುದಕ್ಕಿಂತ ನೇರವಾಗಿ ಕೊಯ್ದದ್ದು ಬೇಗ ಕೂಡುತ್ತದೆ, ದೊಡ್ಡ ಹರಿತ ತಪ್ಪುತ್ತದೆ ಎನ್ನುವ ನಂಬಿಕೆ ಅಲ್ಲಿಂದ ಬಲವಾಗಿ, ಹೆರಿಗೆಗಳು ಮನೆಯಿಂದ ಆಸ್ಪತ್ರೆಗೆ ಬಂದಂತೆಲ್ಲ ಲೋಕದ ತುಂಬ ಹರಡಿತು. ನಮ್ಮ ಆಸ್ಪತ್ರೆಗಳಲ್ಲೂ ಚೊಚ್ಚಲು ಎಂದರೆ ಕತ್ತರಿ ಎಂಬ ರೂಢಿ ಬಿತ್ತು.

ಆ ನಂಬಿಕೆಯನ್ನು ಸರಿಯಾಗಿ ಒರೆಗೆ ಹಚ್ಚಿದ್ದು ತೀರ ತಡವಾಗಿ. ಅರ್ಜೆಂಟೀನಾದಲ್ಲಿ 2,606 ಹೆಂಗಸರನ್ನು ಎರಡು ಗುಂಪು ಮಾಡಿ ನಡೆಸಿದ ಅಧ್ಯಯನ 1993ರಲ್ಲಿ ಪ್ರಕಟವಾಯಿತು. ರೂಢಿಯಂತೆ ಕೊಯ್ಯುವ ಗುಂಪಿನಲ್ಲಿ ನೂರಕ್ಕೆ 83 ಜನರಿಗೆ ಕತ್ತರಿ ಬಿತ್ತು. ಅಗತ್ಯ ಕಂಡಾಗ ಮಾತ್ರ ಕೊಯ್ಯುವ ಗುಂಪಿನಲ್ಲಿ 30 ಜನರಿಗೆ. ಇಷ್ಟೊಂದು ಕಡಿಮೆ ಕೊಯ್ದರೂ ಗುದದ್ವಾರ ಮುಟ್ಟುವ ದೊಡ್ಡ ಹರಿತಗಳು ಹೆಚ್ಚಾಗಲಿಲ್ಲ. ಒಂದು ಕಡೆ ನೂರಕ್ಕೆ 1.5, ಇನ್ನೊಂದು ಕಡೆ 1.2. ಮುಂಜಾಗ್ರತೆಗೆಂದು ಕೊಯ್ಯುತ್ತಿದ್ದದ್ದು ಯಾವ ಮುಂಜಾಗ್ರತೆಯೂ ಆಗಿರಲಿಲ್ಲ. ಮುಂದೆ ಬಂದ ಅಧ್ಯಯನಗಳೂ ಇದನ್ನೇ ಹೇಳಿದವು. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಸಹಜವಾಗಿ ಹೆರುತ್ತಿರುವ ಹೆಂಗಸಿಗೆ ರೂಢಿಗೆಂದು ಕೊಯ್ಯುವುದನ್ನು ಶಿಫಾರಸು ಮಾಡುವುದಿಲ್ಲ ಎಂದು ಸ್ಪಷ್ಟವಾಗಿ ಬರೆಯಿತು.

ಹಾಗೆಂದು ಕತ್ತರಿ ಕಂಡರೆ ಬೆದರಬೇಕಾಗಿಲ್ಲ. ಮಗುವಿನ ಎದೆಬಡಿತ ಕುಸಿಯುತ್ತಿದ್ದು ನಿಮಿಷಗಳಲ್ಲಿ ಹೊರತೆಗೆಯಬೇಕಾದಾಗ, ಫೋರ್ಸೆಪ್ಸ್ ಅಥವಾ ವ್ಯಾಕ್ಯೂಮ್ ಹಾಕಬೇಕಾದಾಗ ಕೊಯ್ಯುವುದು ಬೇಕಾಗಬಹುದು. ಆಗಲೂ ಎಷ್ಟು ಓರೆಯಾಗಿ ಕೊಯ್ದರು ಎನ್ನುವುದು ಮುಖ್ಯ. ತಲೆ ಕಾಣಿಸಿಕೊಂಡು ಚರ್ಮ ಹಿಗ್ಗಿದ ಹೊತ್ತಿನಲ್ಲಿ ನಡುಗೆರೆಯಿಂದ ಅರವತ್ತು ಡಿಗ್ರಿ ಓರೆಯಾಗಿ ಕೊಯ್ದರೆ ಗುದದ್ವಾರದ ಸ್ನಾಯುವಿಗೆ ಪೆಟ್ಟಾಗುವ ಸಾಧ್ಯತೆ ಕಡಿಮೆ. ನೇರ ಕೆಳಕ್ಕೆ ಕೊಯ್ದರೆ ಆ ಕೊಯ್ತವೇ ಮುಂದಕ್ಕೆ ಹರಿದುಕೊಂಡು ಹೋಗಬಹುದು. ಇದೆಲ್ಲಕ್ಕೂ ಮೊದಲು ಆಗಬೇಕಾದ ಕೆಲಸ ಇನ್ನೊಂದಿದೆ: ‘ಸ್ವಲ್ಪ ಕೊಯ್ಯಬೇಕಾಗುತ್ತದೆಯಮ್ಮಾ, ಕಾರಣ ಇಂಥದ್ದು’ ಎಂದು ಅವಳಿಗೆ ಹೇಳಿ ಒಪ್ಪಿಗೆ ಕೇಳುವುದು. ಒಂದು ವಾಕ್ಯಕ್ಕೆ ಎಷ್ಟು ಹೊತ್ತು ಬೇಕು? ಚೆನ್ನೈಯಲ್ಲಿ ಹೆರುವ ಕನ್ನಡದ ಹುಡುಗಿಗೆ ಆ ವಾಕ್ಯ ತಮಿಳಿನಲ್ಲಿ ಬರುತ್ತದೆ. ನೋವಿನ ನಡುವೆ ಕಲಿತ ಭಾಷೆ ಕೈಕೊಡುತ್ತದೆ. ಹಾಗಾಗಿ ಈ ಮಾತನ್ನು ಎಂಟನೇ ತಿಂಗಳ ಚೆಕಪ್ಪಿನಲ್ಲೇ, ಸಾವಧಾನದಲ್ಲಿ, ಡಾಕ್ಟರ ಎದುರು ಕೂತು ಆಡಿಕೊಳ್ಳಬೇಕು. ಅಗತ್ಯವಿದ್ದರೆ ಮಾತ್ರ ಕೊಯ್ಯಿರಿ, ಕೊಯ್ಯುವ ಮುಂಚೆ ನನಗೆ ಹೇಳಿ ಎಂದು ಕೇಳುವುದು ಉದ್ಧಟತನವಲ್ಲ.

ಹರಿಯುವುದನ್ನು ಕಡಿಮೆ ಮಾಡುವ ದಾರಿಗಳೂ ಇವೆ. ಮೂವತ್ತೈದನೇ ವಾರದ ಆಸುಪಾಸಿನಿಂದ ಎಣ್ಣೆ ಹಚ್ಚಿದ ಬೆರಳಿನಿಂದ ಆ ಜಾಗವನ್ನು ಮೆಲ್ಲಗೆ ನೀವಿಕೊಂಡ ಚೊಚ್ಚಲ ಬಸುರಿಯರಲ್ಲಿ ಹೊಲಿಗೆಯ ಅಗತ್ಯ ಕಡಿಮೆಯಾಗುವುದನ್ನು ಅಧ್ಯಯನಗಳು ಕಂಡಿವೆ. ಮುಕ್ಕುವ ಹೊತ್ತಿನಲ್ಲಿ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಅಲ್ಲಿ ಒತ್ತಿ ಹಿಡಿದರೆ ದೊಡ್ಡ ಹರಿತಗಳು ಕಡಿಮೆಯಾಗುತ್ತವೆ. ತಲೆ ಹೊರಬರುವ ಕ್ಷಣದಲ್ಲಿ ‘ಮುಕ್ಕು ಮುಕ್ಕು’ ಎಂದು ಕೂಗುವ ಬದಲು, ಉಸಿರು ಬಿಡುತ್ತಾ ನಿಧಾನವಾಗಿ ಬಿಟ್ಟುಕೊಡು ಎಂದು ಹೇಳುವವರು ಹತ್ತಿರ ಇರಬೇಕು. ಹಿಂದೆ ಹಾಗೆ ಹತ್ತಿರ ಇರುತ್ತಿದ್ದವರು ಸೂಲಗಿತ್ತಿಯರು. ಪಾವಗಡದ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಕಾಸು ಮುಟ್ಟದೆ ಮಾಡಿಸಿದವರು. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರ್ 25ರಂದು ತೀರಿಕೊಂಡರು. ಸೂಲಗಿತ್ತಿಯ ಕಾಲ ಮರಳಿ ಬರಲಿ ಎಂದು ನಾನು ಹೇಳುವುದಿಲ್ಲ. ಆಗ ಎಷ್ಟು ತಾಯಂದಿರು ರಕ್ತಸ್ರಾವದಲ್ಲಿ, ನಂಜಿನಲ್ಲಿ ಸತ್ತರು ಎನ್ನುವುದನ್ನು ಮರೆಯಬಾರದು. ಆದರೆ ಹೆರುವವಳ ಪಕ್ಕ ಗಂಟೆಗಟ್ಟಲೆ ಕೂರುವ ತಾಳ್ಮೆಯನ್ನು ಆಸ್ಪತ್ರೆಗಳು ಅಂಥವರಿಂದ ಕಲಿಯಬೇಕು. 2017ರಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ ‘ಲಕ್ಷ್ಯ’ ಕಾರ್ಯಕ್ರಮ ಸರ್ಕಾರಿ ಹೆರಿಗೆ ಕೋಣೆಗಳಿಗೆ ಕೇಳುತ್ತಿರುವುದೂ ಇಂಥದ್ದನ್ನೇ: ಜೊತೆಗೊಬ್ಬರು ಇರಲಿ, ಮರ್ಯಾದೆಯಿಂದ ನಡೆಸಿಕೊಳ್ಳಿ.

ಇನ್ನು ಹೊಲಿಗೆಯ ವಿಚಾರ. ಲಿಗ್ನೊಕೇಯ್ನ್ ಚುಚ್ಚಿ ಜಾಗವನ್ನು ಮರಗಟ್ಟಿಸಿ, ಮೊದಲು ಯೋನಿಯ ಒಳಪದರ, ಆಮೇಲೆ ಸ್ನಾಯು, ಕೊನೆಗೆ ಚರ್ಮ, ಹೀಗೆ ಪದರ ಪದರವಾಗಿ ಹೊಲಿಯುತ್ತಾರೆ. ಹೊಲಿಯುವಾಗ ನೋವಾದರೆ ತಡೆದುಕೊಂಡು ಸುಮ್ಮನಿರಬೇಕಿಲ್ಲ, ಇನ್ನೊಂದಿಷ್ಟು ಮದ್ದು ಕೊಡಿ ಎಂದು ಕೇಳಬಹುದು. ಹಿಂದೆ ಬಳಸುತ್ತಿದ್ದದ್ದು ಪ್ರಾಣಿಗಳ ಕರುಳಿನಿಂದ ಮಾಡಿದ ಕ್ಯಾಟ್‌ಗಟ್. ಈಗ ಹೆಚ್ಚಾಗಿ ವಿಕ್ರಿಲ್‌ನಂಥ ಕೃತಕ ದಾರ. ಬೇಗ ಕರಗುವ ಬಗೆಯದಾದರೆ ಎರಡು ವಾರದಲ್ಲಿ ಬಿಗಿ ಕಳೆದುಕೊಂಡು ಆರು ವಾರದ ಹೊತ್ತಿಗೆ ಪೂರ್ತಿ ಕರಗುತ್ತದೆ. ಅದನ್ನು ಬಿಚ್ಚಿಸಬೇಕಾಗಿಲ್ಲ. ಒಂದು ದಿನ ಪ್ಯಾಡಿನಲ್ಲಿ ದಾರದ ಸಣ್ಣ ತುಣುಕು ಕಂಡರೆ ಹೊಲಿಗೆ ಬಿಚ್ಚಿಹೋಯಿತು ಎಂದು ಗಾಬರಿಯಾಗಬೇಡಿ.

‘ಎಷ್ಟು ಹೊಲಿಗೆ ಬಿತ್ತು?’ ಎಂದು ಕೇಳುವ ಅಭ್ಯಾಸ ನಮ್ಮಲ್ಲಿದೆ. ಈಗ ಒಂದೇ ದಾರವನ್ನು ಬಿಡದೆ ಸಾಗಿಸುವ ಹೊಲಿಗೆಯೇ ಹೆಚ್ಚು. ಅದರಲ್ಲಿ ನೋವೂ ಕಡಿಮೆ. ಆ ಹೊಲಿಗೆಯನ್ನು ಎಣಿಸಲು ಬರುವುದಿಲ್ಲ. ಎಣಿಸಿದರೂ ಅದರಿಂದ ಏನೂ ತಿಳಿಯುವುದಿಲ್ಲ. ತಿಳಿದುಕೊಳ್ಳಬೇಕಾದದ್ದು ಎಷ್ಟು ಆಳ ಹರಿದಿತ್ತು, ಯಾವ ದರ್ಜೆಯದು, ಗುದದ್ವಾರದ ಸ್ನಾಯುವನ್ನು ಪರೀಕ್ಷಿಸಿ ನೋಡಿದರೇ ಎಂಬುದನ್ನು. ಆಸ್ಪತ್ರೆ ಬಿಡುವ ಮುಂಚೆ ಗಂಡನೋ ಅಮ್ಮನೋ ಈ ಮೂರನ್ನು ಕೇಳಿ ಬರೆದುಕೊಳ್ಳಲಿ. ಮುಂದಿನ ಬಸಿರಿನಲ್ಲಿ ಹೊಸ ಡಾಕ್ಟರು ಮೊದಲು ಕೇಳುವುದೂ ಇದನ್ನೇ.

ಮನೆಗೆ ಬಂದ ಮೇಲೆ ಆರೈಕೆ ಕಷ್ಟದ್ದಲ್ಲ. ಮೊದಲ ಒಂದೆರಡು ದಿನ ಊತ ಹೆಚ್ಚು. ಬಟ್ಟೆಯಲ್ಲಿ ಸುತ್ತಿದ ಐಸನ್ನು ಹತ್ತು ಹದಿನೈದು ನಿಮಿಷ ಇಟ್ಟು ತೆಗೆದರೆ ಹಿತವಾಗುತ್ತದೆ. ಬಾಣಂತಿಗೆ ಐಸಾ ಎಂದು ಹಿರಿಯರು ಹೌಹಾರುತ್ತಾರೆ. ಊದಿದ ಜಾಗಕ್ಕೆ ತಂಪು ಇಟ್ಟರೆ ಮೈಗೆ ಶೀತ ಏರುವುದಿಲ್ಲ, ಎದೆಹಾಲಿಗೂ ಅದಕ್ಕೂ ಸಂಬಂಧವಿಲ್ಲ. ಪ್ಯಾರಾಸಿಟಮಾಲ್ ಹಾಲೂಡಿಸುವವರಿಗೆ ಸುರಕ್ಷಿತ. ಅದು ಸಾಲದಿದ್ದರೆ ಡಾಕ್ಟರು ಐಬುಪ್ರೊಫೆನ್ ಕೊಡಬಹುದು. ನೋವು ನುಂಗಿಕೊಂಡು ಕೂರುವುದರಲ್ಲಿ ಯಾವ ಪುಣ್ಯವೂ ಇಲ್ಲ. ನೋವಿರುವ ತಾಯಿಗೆ ನೆಟ್ಟಗೆ ಕೂತು ಹಾಲೂಡಿಸಲು ಆಗುವುದಿಲ್ಲ. ಅಷ್ಟು ದಿನ ಮಗ್ಗುಲಾಗಿ ಮಲಗಿಕೊಂಡೇ ಊಡಿಸುವುದನ್ನು ನರ್ಸಮ್ಮನಿಂದ ಕಲಿತುಕೊಂಡರೆ ಅರ್ಧ ಕಷ್ಟ ಕಳೆಯಿತು.

ಮೂತ್ರ ಮಾಡುವಾಗ ಉರಿಯುತ್ತದೆ. ಮಾಡುತ್ತಿರುವಾಗಲೇ ಚೊಂಬಿನಲ್ಲಿ ಉಗುರುಬೆಚ್ಚನೆಯ ನೀರು ಸುರಿದುಕೊಂಡರೆ ಉರಿ ತಗ್ಗುತ್ತದೆ. ತೊಳೆಯುವಾಗ ಮುಂದಿನಿಂದ ಹಿಂದಕ್ಕೆ. ಆಮೇಲೆ ಮೆತ್ತನೆಯ ಬಟ್ಟೆಯಿಂದ ಒತ್ತಿ ಒಣಗಿಸಬೇಕು, ಉಜ್ಜಬಾರದು. ಪ್ಯಾಡನ್ನು ಮೂರು ನಾಲ್ಕು ಗಂಟೆಗೊಮ್ಮೆ ಬದಲಿಸಬೇಕು. ಒಂದು ದಿನ ಕಳೆದ ಮೇಲೆ ಟಬ್ಬಿನಲ್ಲಿ ಬೆಚ್ಚನೆಯ ನೀರು ತುಂಬಿ ಹತ್ತು ನಿಮಿಷ ಕೂತರೆ ಹಾಯೆನಿಸುತ್ತದೆ. ಡೆಟಾಲು, ಸಾವ್ಲಾನು ಹಾಕಿದಷ್ಟೂ ಒಳ್ಳೆಯದು ಎಂಬುದು ತಪ್ಪು. ಶುದ್ಧ ನೀರು ಸಾಕು.

ಎಲ್ಲಕ್ಕಿಂತ ಹೆಚ್ಚು ಭಯ ಮೊದಲ ಸಲ ಮೋಷನ್ನಿಗೆ ಹೋಗುವುದರದು. ಮುಕ್ಕಿದರೆ ಹೊಲಿಗೆ ಬಿಚ್ಚಿಹೋಗುತ್ತದೆ ಎಂದು ಹೆದರಿ ದಿನಗಟ್ಟಲೆ ತಡೆಹಿಡಿಯುವವರಿದ್ದಾರೆ. ಸಾಮಾನ್ಯವಾಗಿ ಅದು ಬಿಚ್ಚುವುದಿಲ್ಲ. ಆದರೆ ತಡೆಹಿಡಿದಷ್ಟೂ ಮಲ ಗಟ್ಟಿಯಾಗುತ್ತದೆ, ಗಟ್ಟಿಯಾದಷ್ಟೂ ನೋವು ಜಾಸ್ತಿ. ನಮ್ಮ ಬಾಣಂತನಕ್ಕೂ ಈ ಗಾಯಕ್ಕೂ ಜಗಳ ಹತ್ತಿಕೊಳ್ಳುವುದು ಇಲ್ಲೇ.

ಬಾಣಂತನದ ಮೇಲೆ ನನಗೆ ಗೌರವವಿದೆ. ನಲವತ್ತು ದಿನ ಹೆಂಗಸೊಬ್ಬಳನ್ನು ಕೆಲಸದಿಂದ ಬಿಡಿಸಿ, ಹೊತ್ತುಹೊತ್ತಿಗೆ ಬಿಸಿ ಊಟ ಕೊಟ್ಟು, ಎಣ್ಣೆ ತಿಕ್ಕಿ ನೀರೆರೆದು ಮಲಗಿಸುವ ಏರ್ಪಾಡು ಎಷ್ಟು ನಾಡುಗಳಲ್ಲಿದೆ? ಆದರೆ ಈ ಕಟ್ಟುಪಾಡುಗಳು ರೂಪುಗೊಂಡದ್ದು ಮನೆಯಲ್ಲೇ ಹೆರಿಗೆಯಾಗುತ್ತಿದ್ದ ಕಾಲದಲ್ಲಿ. ಆಗ ಕತ್ತರಿಯೂ ಇರಲಿಲ್ಲ, ಹೊಲಿಗೆಯೂ ಇರಲಿಲ್ಲ. ಈಗ ತಮಿಳುನಾಡಿನ ಬಹುತೇಕ ಎಲ್ಲ ಹೆರಿಗೆಗಳೂ, ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳೂ ಆಸ್ಪತ್ರೆಯಲ್ಲೇ ಆಗುತ್ತವೆ. ಹೆರಿಗೆಯ ರೀತಿ ಬದಲಾಯಿತು. ಬಾಣಂತನ ಮಾತ್ರ ಹಳೆಯ ದಾರಿಯಲ್ಲೇ ಉಳಿಯಿತು.

ನೀರು ಹೆಚ್ಚು ಕೊಡಬೇಡಿ, ಹೊಟ್ಟೆ ಬರುತ್ತದೆ ಎನ್ನುತ್ತಾರೆ. ಸೊಪ್ಪು ನಂಜು, ಹಣ್ಣು ಶೀತ, ಕಾಳು ವಾಯು. ಕೊನೆಗೆ ಉಳಿಯುವುದು ಅನ್ನ, ಮೆಣಸಿನ ಸಾರು, ತುಪ್ಪ, ಬೆಳ್ಳುಳ್ಳಿ. ಇದರ ಮೇಲೆ ದಿನಕ್ಕೊಂದು ಕಬ್ಬಿಣದ ಮಾತ್ರೆ. ಹೆರಿಗೆಯಾದ ಮೇಲೆ 180 ದಿನ ತಪ್ಪದೆ ನುಂಗಬೇಕಾದ ಈ ಮಾತ್ರೆ ಮೊದಲೇ ಮಲಬದ್ಧತೆ ತರುವಂಥದ್ದು. ನೀರಿಲ್ಲ, ನಾರಿಲ್ಲ, ಮೇಲೆ ಕಬ್ಬಿಣ. ಮಲ ಕಲ್ಲಾಗದೆ ಇನ್ನೇನಾದೀತು? ಮಾತ್ರೆ ನಿಲ್ಲಿಸುವುದು ಇದಕ್ಕೆ ಪರಿಹಾರವಲ್ಲ, ಹೆರಿಗೆಯಲ್ಲಿ ಕಳೆದುಹೋದ ರಕ್ತ ತುಂಬಬೇಕಲ್ಲ. ಬದಲಿಸಬೇಕಾದದ್ದು ತಟ್ಟೆ ಮತ್ತು ಲೋಟ. ಬಿಸಿನೀರೇ ಕೊಡಿ, ಜೀರಿಗೆ ಹಾಕಿಯೇ ಕುದಿಸಿ, ಆದರೆ ದಿನಕ್ಕೆ ಎರಡೂವರೆ ಮೂರು ಲೀಟರ್ ಒಳಗೆ ಹೋಗಲಿ. ಹಾಲೂಡಿಸುವ ಮೈಗೆ ಅಷ್ಟು ಬೇಕೇ ಬೇಕು. ಸಬ್ಬಸಿಗೆ ಸೊಪ್ಪನ್ನು ಹಾಲು ಹೆಚ್ಚಲೆಂದು ಹೇಗೂ ಹಾಕುತ್ತೀರಿ, ನುಗ್ಗೆಸೊಪ್ಪನ್ನೂ ಹೀರೆಕಾಯಿಯನ್ನೂ ಸೋರೆಕಾಯಿಯನ್ನೂ ಸೇರಿಸಿ. ಪಪ್ಪಾಯಿ ಬಸಿರಿನಲ್ಲಿ ಬೇಡವೆಂದಿರಿ, ಈಗಲಾದರೂ ನಾಲ್ಕು ಹೋಳು ಹಣ್ಣು ಕೊಡಿ. ಇಷ್ಟಾದರೂ ಸಲೀಸಾಗದಿದ್ದರೆ ಲ್ಯಾಕ್ಟುಲೋಸ್ ಸಿರಪ್ಪನ್ನು ಡಾಕ್ಟರೇ ಬರೆದುಕೊಡುತ್ತಾರೆ, ಅದು ಎದೆಹಾಲಿಗೆ ತೊಂದರೆ ಮಾಡುವುದಿಲ್ಲ.

ಬಾಣಂತನಕ್ಕೂ ಗಾಯಕ್ಕೂ ಜಗಳ ಹತ್ತಿಸುವ ಎರಡನೆಯದು ಸೆಕೆ. ಮಲೆನಾಡಿನ ಜಡಿಮಳೆಗೆ, ಮೈಸೂರಿನ ಚಳಿಗೆ ಒಗ್ಗಿದ ಬಾಣಂತನವನ್ನು ಇದ್ದ ಹಾಗೆ ತಂದು ಅಡ್ಯಾರಿನ ಮೇ ತಿಂಗಳಿಗೆ ಇಳಿಸಿದರೆ ಹೇಗೆ? ಇಲ್ಲಿಯವರು ಕತ್ತಿರಿ ಎಂದು ಕರೆಯುವ ಆ ವಾರಗಳಲ್ಲಿ ಸಮುದ್ರದ ತೇವದ ಗಾಳಿಯೂ ಸೇರಿ, ಕೂತಲ್ಲೇ ಬೆವರು ಇಳಿಯುತ್ತದೆ. ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ತಲೆಗೆ ಬಟ್ಟೆ, ಕಿವಿಗೆ ಹತ್ತಿ, ಕಾಲಿಗೆ ಸಾಕ್ಸು ಹಾಕಿಸಿ ಕೂರಿಸಿದರೆ ಹೊಲಿಗೆಯ ಜಾಗ ಇಡೀ ದಿನ ಒದ್ದೆ. ಒದ್ದೆಯಾದ ಗಾಯ ಮಾಯುವುದು ತಡ, ಕೀವಾಗುವುದು ಸುಲಭ. ಫ್ಯಾನು ತಿರುಗಲಿ. ಬಾಗಿಲು ಮುಚ್ಚಿಕೊಂಡು, ಹಳೇ ಸೀರೆಯ ಮಡಿಕೆ ಹಾಸಿ, ದಿನಕ್ಕೆರಡು ಸಲ ಹತ್ತು ನಿಮಿಷ ಆ ಜಾಗಕ್ಕೆ ಗಾಳಿ ಆಡಲು ಬಿಡಲಿ. ತಲೆಗೂದಲು ಒಣಗಿಸಲು ಸಾಂಬ್ರಾಣಿ ಹೊಗೆ ಹಾಕುವುದಿದ್ದರೆ ತಾಯಿ ಮಗು ಕೆಮ್ಮದಷ್ಟು ಇರಲಿ. ಕೆಲವು ಮನೆಗಳಲ್ಲಿ ಕೆಂಡದ ಮೇಲೆ ಓಮ, ಬೆಳ್ಳುಳ್ಳಿ ಸಿಪ್ಪೆ ಹಾಕಿ ಬಾಣಂತಿಯನ್ನು ಅದರ ಮೇಲೆ ನಿಲ್ಲಿಸಿ ಕೆಳಗೆ ಹೊಗೆ ಕೊಡಿಸುತ್ತಾರೆ. ಹೊಲಿಗೆಯಿರುವ, ಸ್ಪರ್ಶವೇ ಮಂಕಾದ ಚರ್ಮಕ್ಕೆ ಸುಟ್ಟರೂ ಬೇಗ ತಿಳಿಯುವುದಿಲ್ಲ. ಅದನ್ನು ಪೂರ್ತಿ ಬಿಟ್ಟುಬಿಡಿ. ಹೊಲಿಗೆಯ ಮೇಲೆ ಅರಿಶಿನ, ಎಣ್ಣೆ, ಪುಡಿ ಏನೂ ಬೇಡ. ಹೊಟ್ಟೆ ಕರಗಲೆಂದು ಸೀರೆಯನ್ನು ಉಸಿರುಕಟ್ಟುವಂತೆ ಬಿಗಿದರೆ ಒತ್ತಡವೆಲ್ಲ ಕೆಳಕ್ಕೆ, ಆಗಷ್ಟೇ ಹೊಲಿದ ಸ್ನಾಯುಗಳ ಮೇಲೆ ಬೀಳುತ್ತದೆ. ಆಸರೆಗೆ ಸಡಿಲವಾಗಿ ಕಟ್ಟಿದರೆ ಸಾಕು.

ಹೀಗೆ ನೋಡಿಕೊಂಡರೆ ನೋವು ದಿನದಿಂದ ದಿನಕ್ಕೆ ಇಳಿಯಬೇಕು. ಎರಡು ಮೂರು ವಾರದಲ್ಲಿ ಮೇಲಿನ ಗಾಯ ಕೂಡಿಕೊಳ್ಳುತ್ತದೆ, ಆರು ವಾರದ ಹೊತ್ತಿಗೆ ಹೆಚ್ಚಿನವರಿಗೆ ನೋವು ಮರೆತೇ ಹೋಗಿರುತ್ತದೆ. ಇಳಿಯುವ ಬದಲು ಏರುತ್ತಿದ್ದರೆ ಅದೇ ಎಚ್ಚರಿಕೆಯ ಗಂಟೆ. ಹೆರಿಗೆಯಾದ ಕೆಲವೇ ಗಂಟೆಗಳಲ್ಲಿ ತಡೆಯಲಾರದ ನೋವು, ಹಿಂದುಗಡೆ ಒತ್ತಿದಂತಾಗುವುದು ಶುರುವಾದರೆ ಒಳಗೆ ರಕ್ತ ಹೆಪ್ಪುಗಟ್ಟಿ ಊದಿಕೊಂಡಿರಬಹುದು. ಕೂಡಲೇ ಕರೆದು ತೋರಿಸಬೇಕು. ಆಮೇಲಿನ ದಿನಗಳಲ್ಲಿ ಜ್ವರ, ಕೆಟ್ಟ ವಾಸನೆ, ಕೀವು, ಗಾಯ ಬಾಯಿಬಿಟ್ಟಿರುವುದು, ಗಂಟೆಗೊಂದು ಪ್ಯಾಡ್ ತೊಯ್ಯುವಷ್ಟು ರಕ್ತ, ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗಿ. ‘ಬಾಣಂತಿಗೆ ಜ್ವರ ಬರುವುದುಂಟು, ಕಷಾಯ ಕುಡಿಸೋಣ’ ಎಂದು ಕಾಯಬೇಡಿ. ಗಾಯವನ್ನು ತಾನೇ ನೋಡಿಕೊಳ್ಳುವುದು ಬಾಣಂತಿಗೆ ಕಷ್ಟ. ಒಂದು ಕೈಕನ್ನಡಿ ಕೊಡಿ. ಅಮ್ಮನಿಗೆ ತೋರಿಸಲು ಅವಳು ಒಪ್ಪಿದರೆ ಅಮ್ಮ ದಿನಕ್ಕೊಮ್ಮೆ ನೋಡಲಿ. ಹಡೆದ ತಾಯಿಗಿಂತ ಹತ್ತಿರದವರು ಇನ್ಯಾರು?

ಎಲ್ಲಕ್ಕಿಂತ ಆಳವಾಗಿ ಹೂತುಹೋಗುವ ಮಾತು ಇನ್ನೊಂದಿದೆ. ಗುದದ್ವಾರದ ಸುತ್ತಲಿನ ಸ್ನಾಯು ಚೀಲದ ಬಾಯಿಯ ಲಾಡಿಯಂತೆ ಕೆಲಸ ಮಾಡುತ್ತದೆ. ಅದಕ್ಕೆ ಪೆಟ್ಟಾಗಿದ್ದು ಗೊತ್ತಾಗದೆ ಹೋದರೆ, ಅಥವಾ ಹೊಲಿದದ್ದು ಸರಿಯಾಗಿ ಕೂಡದೆ ಹೋದರೆ ಗಾಳಿ ತಡೆಯಲಾಗುವುದಿಲ್ಲ, ಅವಸರವಾದರೆ ತಡೆಯಲಾಗುವುದಿಲ್ಲ, ಕೆಲವರಿಗೆ ಬಟ್ಟೆಯೇ ಕೊಳೆಯಾಗುತ್ತದೆ. ಕೆಮ್ಮಿದರೆ ನಕ್ಕರೆ ಮೂತ್ರ ಹನಿಯುವುದು ಇನ್ನೂ ಹೆಚ್ಚು ಜನರಿಗಿದೆ. ಇದನ್ನು ಗಂಡನಿಗೂ ಹೇಳದೆ, ಮದುವೆ ಮುಂಜಿಗೆ ಹೋಗುವುದನ್ನು ನಿಲ್ಲಿಸಿ, ಬಸ್ಸು ಹತ್ತುವುದನ್ನು ನಿಲ್ಲಿಸಿ, ವರ್ಷಗಟ್ಟಲೆ ಒಳಗೊಳಗೇ ಸವೆಯುವ ಹೆಂಗಸರಿದ್ದಾರೆ. ಹೆತ್ತ ಮೇಲೆ ಹೀಗೇ ಎಂದು ಅವರಿಗೆ ಯಾರೋ ಹೇಳಿಬಿಟ್ಟಿರುತ್ತಾರೆ. ಹೀಗೇ ಅಲ್ಲ. ಇದಕ್ಕೆ ಚಿಕಿತ್ಸೆಯಿದೆ. ಸರಿಯಾಗಿ ಹೊಲಿದ ದೊಡ್ಡ ಹರಿತಗಳಲ್ಲೂ ವರ್ಷ ಕಳೆಯುವಷ್ಟರಲ್ಲಿ ನೂರಕ್ಕೆ 60ರಿಂದ 80 ಜನರಿಗೆ ಯಾವ ತೊಂದರೆಯೂ ಉಳಿಯುವುದಿಲ್ಲ. 1948ರಲ್ಲಿ ಅಮೆರಿಕದ ವೈದ್ಯ ಆರ್ನಾಲ್ಡ್ ಕೀಗಲ್ ಬರೆದ ವ್ಯಾಯಾಮ ಇಂದಿಗೂ ಮೊದಲ ಮದ್ದು: ಮೂತ್ರವನ್ನೂ ಗಾಳಿಯನ್ನೂ ತಡೆಯುವವರಂತೆ ಒಳಗಿನ ಸ್ನಾಯುಗಳನ್ನು ಮೇಲಕ್ಕೆಳೆದು ಹಿಡಿದು, ನಿಧಾನವಾಗಿ ಬಿಡುವುದು. ನೋವಿಲ್ಲದಷ್ಟು ಮೆಲ್ಲಗೆ ಮೊದಲ ವಾರದಲ್ಲೇ ಶುರುಮಾಡಬಹುದು. ಇದನ್ನು ಕಲಿಸಿಕೊಡುವ ಫಿಸಿಯೊಥೆರಪಿ ತಜ್ಞೆಯರು ಈಗ ದೊಡ್ಡ ಊರುಗಳಲ್ಲಿ ಇದ್ದಾರೆ.

ಗಂಡಂದಿರಿಗೂ ಒಂದು ಮಾತು. ನಲವತ್ತು ದಿನ ಕಳೆಯಿತು ಎನ್ನುವುದು ಗಾಯ ಮಾಗಿತು ಎನ್ನುವುದಕ್ಕೆ ರುಜುವಾತಲ್ಲ. ಹಾಲೂಡಿಸುವ ತಿಂಗಳುಗಳಲ್ಲಿ ಅಲ್ಲಿನ ಪಸೆ ಕಡಿಮೆಯಿರುತ್ತದೆ, ಹೊಲಿಗೆಯ ಜಾಗ ಎಳೆಯುತ್ತದೆ. ಗಂಡ ಹೆಂಡತಿ ಮತ್ತೆ ಕೂಡುವುದು ಯಾವಾಗ ಎಂದು ತೀರ್ಮಾನಿಸಬೇಕಾದವಳು ಅವಳು. ಮೂರು ತಿಂಗಳಾದರೂ ನೋವು ಹೋಗದಿದ್ದರೆ ಡಾಕ್ಟರ ಹತ್ತಿರ ಇಬ್ಬರೂ ಹೋಗಿ.

ಇಂಥ ಮಾತುಗಳನ್ನು ಬಹಿರಂಗವಾಗಿ ಆಡುವುದು ಅಡ್ಯಾರಿಗೆ ಹೊಸದಾಗಬಾರದು. ಮದ್ರಾಸ್ ಮೆಡಿಕಲ್ ಕಾಲೇಜಿನಿಂದ 1912ರಲ್ಲಿ ಪದವಿ ಪಡೆದ ಡಾ. ಮುತ್ತುಲಕ್ಷ್ಮಿ ರೆಡ್ಡಿ 1930ರಲ್ಲಿ ಕಟ್ಟಿದ ಅವ್ವೈ ಹೋಮ್ ಅಡ್ಯಾರಿನಲ್ಲಿದೆ. 1954ರಲ್ಲಿ ಅವರು ತೆರೆದ ಕ್ಯಾನ್ಸರ್ ಆಸ್ಪತ್ರೆಯೂ ಇಲ್ಲೇ ಇದೆ. ದೇವದಾಸಿ ಪದ್ಧತಿಯ ಬಗ್ಗೆ, ಬಾಲ್ಯವಿವಾಹದ ಬಗ್ಗೆ, ಹೆಂಗಸರ ಮೈಯ ಕಾಯಿಲೆಗಳ ಬಗ್ಗೆ ಗಂಡಸರೇ ತುಂಬಿದ್ದ ಶಾಸನಸಭೆಯಲ್ಲಿ ನಿಂತು ಮಾತಾಡಿದವರು ಅವರು. ತಮಿಳುನಾಡಿನ ಹೆರಿಗೆ ನೆರವಿನ ಯೋಜನೆಗೆ ಇಂದು ಅವರದೇ ಹೆಸರಿದೆ. ಬಡ ತಾಯಂದಿರಿಗೆ ಹಣವೂ ಪೌಷ್ಟಿಕ ಆಹಾರದ ಕಿಟ್ಟೂ ಅದರಿಂದ ಸಿಗುತ್ತವೆ. ನಾಚಿಕೆಯ ವಿಷಯ ಎಂದು ಅವರು ಸುಮ್ಮನಿದ್ದಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ. ಅಷ್ಟು ದೊಡ್ಡ ಸಭೆಯಲ್ಲಿ ಅವರು ಆಡಿದ ಮಾತಿನ ಒಂದು ಪಾಲನ್ನು ನಾವು ನಮ್ಮ ಮನೆಯ ಕೋಣೆಯಲ್ಲಿ ಆಡಬಾರದೇ?

ಈಗಿನ ಏರ್ಪಾಡಿನಲ್ಲಿ ಎಲ್ಲರ ಕಣ್ಣೂ ಮಗುವಿನ ಮೇಲೆ. ಕರ್ನಾಟಕದ ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯರು ಹೆರಿಗೆಯ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬಂದು ಮಗುವಿನ ತೂಕ, ಮೈಬಿಸಿ, ಹೊಕ್ಕುಳು ನೋಡುತ್ತಾರೆ. ಅದೇ ಭೇಟಿಯಲ್ಲಿ ತಾಯಿಯನ್ನು ಪಕ್ಕಕ್ಕೆ ಕರೆದು ಹೊಲಿಗೆ ಹೇಗಿದೆ, ಮೋಷನ್ ಸಲೀಸಾಗಿ ಆಗುತ್ತಿದೆಯಾ, ಮೂತ್ರವೋ ಗಾಳಿಯೋ ತಡೆಯದೆ ಹೋಗುತ್ತಿದೆಯಾ ಎಂದು ಅವರು ತಪ್ಪದೆ ಕೇಳುವಂತಾಗಬೇಕು. ಅಡ್ಯಾರಿನಂಥ ಕಡೆ ಅಪಾರ್ಟ್‌ಮೆಂಟಿನ ಬಾಣಂತಿಯ ಬಾಗಿಲು ತಟ್ಟಿ ವಿಚಾರಿಸುವವರು ಕಡಿಮೆ. ಇಲ್ಲಿ ಆ ಕೆಲಸ ಮನೆಯವರದೇ. ಹೆರಿಗೆಯಾಗಿ ಎರಡು ಮೂರು ದಿನವಾದಾಗ ಒಮ್ಮೆ, ಒಂದೆರಡು ವಾರವಾದಾಗ ಒಮ್ಮೆ, ಆರನೇ ವಾರದಲ್ಲಿ ಒಮ್ಮೆ ತಾಯಿಯನ್ನೂ ನೋಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆರನೇ ವಾರ ಹೇಗಿದ್ದರೂ ಮಗುವನ್ನು ಪೆಂಟಾವೇಲೆಂಟ್ ಲಸಿಕೆಗೆ ಎತ್ತಿಕೊಂಡು ಹೋಗುತ್ತೀರಿ. ಆ ದಿನವೇ ತಾಯಿಗೂ ಒಂದು ಚೀಟಿ ಮಾಡಿಸಿ, ಮಗುವನ್ನು ಅಜ್ಜಿಯ ಕೈಗೆ ಕೊಟ್ಟು, ಅವಳನ್ನು ಪ್ರಸೂತಿ ತಜ್ಞರ ಬಳಿ ಕಳಿಸಿ. ಹೊಲಿಗೆ ನೋಡಿ ಡಾಕ್ಟರೇ ಎಂದು ಅವಳು ಕೇಳಲು ಹಿಂಜರಿದರೆ ನೀವು ಕೇಳಿ.